ಬೆಳಗಿದ್ದೆಲ್ಲ ಗಡ್ಡೆಯಲ್ಲ

ಕಳೆದ ವರ್ಷ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ವಾರ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಬೆಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಮೂರು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕಿಮೋ ಎಲ್ಲ ಮುಗಿದು ಚೆನ್ನಾಗಿಯೇ ಇದ್ದರು. ಆಮೇಲೆ ಬಿಡದ ಕೆಮ್ಮು ಶುರುವಾಯಿತು. ಸಂಜೆ ಹೊತ್ತಿಗೆ ಮೈ ಬಿಸಿಯಾಗುತ್ತಿತ್ತು, ತೂಕವೂ ಇಳಿಯುತ್ತಿತ್ತು. ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರು.

ರಿಪೋರ್ಟ್ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಸೈನ್ಸ್ ಓದುವವಳು ನಾನೊಬ್ಬಳೇ. ಮಾಮೂ ಕವರನ್ನು ನನ್ನ ಕೈಗೆ ಕೊಟ್ಟು, "ನೋಡಮ್ಮ, ಏನು ಬರೆದಿದ್ದಾರೆ ಹೇಳು" ಅಂದರು. ಎದೆಯ ನಡುಭಾಗದ ದುಗ್ಧಗ್ರಂಥಿಗಳು ಎಫ್‌ಡಿಜಿಯನ್ನು ಹೆಚ್ಚಾಗಿ ಹೀರಿಕೊಂಡಿವೆ ಎಂಬ ಅರ್ಥದ ಸಾಲೊಂದಿತ್ತು. ಜೊತೆಗಿದ್ದ ಚಿತ್ರದಲ್ಲಿ ಎದೆಯ ಮಧ್ಯೆ ಕಿತ್ತಳೆ ಬಣ್ಣದ ನಾಲ್ಕೈದು ಚುಕ್ಕೆಗಳು ಕೆಂಡದಂತೆ ಹೊಳೆಯುತ್ತಿದ್ದವು. ನಾನು ಎರಡು ಸಲ ನೋಡಿ, "ಹರಡಿದೆ ಅನ್ಸುತ್ತೆ" ಎಂದುಬಿಟ್ಟೆ.

ಅದರ ಕೆಳಗೆ ಇನ್ನೊಂದು ಸಾಲೂ ಇತ್ತು. ಅಂಗಾಂಶದ ತುಣುಕು ತೆಗೆದು ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು ಎಂದು ಅದರ ಅರ್ಥ. ಅದನ್ನು ನಾನು ಓದಿದ್ದೆ, ಆದರೆ ಹೇಳಲಿಲ್ಲ. ಎಲ್ಲ ರಿಪೋರ್ಟಿನ ಕೊನೆಗೂ ಬರುವ ಮಾಮೂಲಿ ಮಾತು ಅಂದುಕೊಂಡೆ. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ನಾನಿ ಖಾಲಾನ ಎದುರಿಗೆ ಸುಮ್ಮನಿದ್ದು, ಅಡುಗೆಮನೆಗೆ ಹೋಗಿ ಅಳುತ್ತಿದ್ದರು. ಖಾಲಾ ತಮ್ಮ ಐದು ವರ್ಷದ ಮಗಳನ್ನು ಯಾರು ನೋಡಿಕೊಳ್ಳಬೇಕೆಂದು ಅಮ್ಮಿಯ ಬಳಿ ಮಾತಾಡಿದ್ದನ್ನು ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಂಡೆ.

ಹನ್ನೊಂದು ದಿನದ ನಂತರ ಬಯಾಪ್ಸಿ ರಿಪೋರ್ಟ್ ಬಂತು. ಅದು ಕ್ಯಾನ್ಸರ್ ಆಗಿರಲಿಲ್ಲ, ಕ್ಷಯ. ಗ್ರಂಥಿಗಳಲ್ಲಿ ಟಿಬಿ ಸೋಂಕು ಕೂತಿತ್ತು. ಆರು ತಿಂಗಳ ಮಾತ್ರೆಯಿಂದ ಗುಣವಾಗುವ ಕಾಯಿಲೆ.

ಎಲ್ಲರೂ ಶುಕ್ರ್ ಅಂದರು. ನನ್ನ ತಪ್ಪನ್ನು ಯಾರೂ ಎತ್ತಲಿಲ್ಲ. ಆದರೆ ಆ ಹನ್ನೊಂದು ದಿನಗಳು ನನ್ನ ತಲೆಯಿಂದ ಹೋಗಲಿಲ್ಲ. ಸ್ಕ್ಯಾನ್ ಸುಳ್ಳು ಹೇಳಿತೇ? ಕ್ಯಾನ್ಸರ್ ಹುಡುಕುವ ಯಂತ್ರ ಕ್ಷಯವನ್ನು ಯಾಕೆ ಬೆಳಗಿಸಿತು? ಎರಡನ್ನೂ ಬೇರೆ ಮಾಡಿ ತೋರಿಸುವ ಉಪಾಯವೇ ಇಲ್ಲವೇ? ಕಾಲೇಜು ಶುರುವಾದ ಮೇಲೆ ನಮ್ಮ ಜೀವಶಾಸ್ತ್ರ ಮೇಡಂ ಅವರನ್ನು ಕೇಳಿದೆ. ಅವರು, "ನಿನ್ನ ಪ್ರಶ್ನೆಯನ್ನು ವಿಜ್ಞಾನಿಗಳು ಇಲಿಗಳನ್ನು ಇಟ್ಟುಕೊಂಡು ಕೇಳಿದ್ದಾರೆ. ಅಲ್ಲಿಂದ ಶುರು ಮಾಡು" ಅಂದರು. ಅಲ್ಲಿಂದ ಓದಿ ತಿಳಿದದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಟ್ರೇಸರ್ ಎಂದರೇನು?

ಟ್ರೇಸರ್ ಎಂದರೆ ಜಾಡು ತೋರಿಸುವ ವಸ್ತು. ದೇಹ ದಿನನಿತ್ಯ ಬಳಸುವ ಒಂದು ಪದಾರ್ಥವನ್ನೋ ಅದರ ಹಾಗೇ ಇರುವ ಇನ್ನೊಂದನ್ನೋ ತೆಗೆದುಕೊಂಡು, ಅದಕ್ಕೆ ವಿಕಿರಣಶೀಲ ಪರಮಾಣು ಒಂದನ್ನು ಜೋಡಿಸಿ, ಬಹಳ ಸಣ್ಣ ಪ್ರಮಾಣದಲ್ಲಿ ದೇಹಕ್ಕೆ ಕೊಡುತ್ತಾರೆ. ಅದು ಎಲ್ಲಿಗೆ ಹೋಯಿತು, ಎಲ್ಲಿ ನಿಂತಿತು ಎಂಬುದನ್ನು ಹೊರಗಿನಿಂದಲೇ ನೋಡಬಹುದು.

ಈ ಉಪಾಯ ಹಂಗೇರಿಯ ಜಾರ್ಜ್ ಹೆವೆಸಿ ಅವರದು. 1911ರ ಸುಮಾರಿಗೆ ಅವರು ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿದ್ದರು. ತಾವಿದ್ದ ಬಾಡಿಗೆ ಮನೆಯ ಯಜಮಾನಿ ತಟ್ಟೆಯಲ್ಲಿ ಮಿಕ್ಕ ಆಹಾರವನ್ನೇ ಮರುದಿನ ಬೇರೆ ರೂಪದಲ್ಲಿ ಬಡಿಸುತ್ತಾರೆ ಎಂಬ ಗುಮಾನಿ ಅವರಿಗೆ. ಒಂದು ದಿನ ಮಿಕ್ಕ ಊಟಕ್ಕೆ ಚೂರು ವಿಕಿರಣಶೀಲ ವಸ್ತು ಬೆರೆಸಿ, ಕೆಲವು ದಿನ ಬಿಟ್ಟು ಬಂದ ತಿನಿಸನ್ನು ಉಪಕರಣದಿಂದ ಪರೀಕ್ಷಿಸಿದರಂತೆ. ಗುಮಾನಿ ನಿಜವಾಗಿತ್ತು! ಅವರ ನಿಜವಾದ ಕೆಲಸ ಇದಕ್ಕಿಂತ ಗಂಭೀರವಾದದ್ದು. 1923ರಲ್ಲಿ ಸಸ್ಯಗಳು ಸೀಸವನ್ನು ಹೇಗೆ ಹೀರುತ್ತವೆ ಎಂಬುದನ್ನು ವಿಕಿರಣಶೀಲ ಸೀಸದಿಂದ ತೋರಿಸಿದರು. 1935ರಲ್ಲಿ ವಿಕಿರಣಶೀಲ ರಂಜಕವನ್ನು ಇಲಿಗಳಿಗೆ ಕೊಟ್ಟು, ಮೂಳೆಯ ರಂಜಕ ಸದಾ ಬದಲಾಗುತ್ತಲೇ ಇರುತ್ತದೆ ಎಂದು ಕಂಡುಕೊಂಡರು. 1943ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ಅವರಿಗೆ ಬಂತು.

ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ ಪರಮಾಣುಗಳು ಪಾಸಿಟ್ರಾನ್ ಹೊರಸೂಸುತ್ತವೆ. ಪಾಸಿಟ್ರಾನ್ ಎಂದರೆ ಧನ ಆವೇಶದ ಎಲೆಕ್ಟ್ರಾನ್. ಅದು ಹತ್ತಿರದ ಎಲೆಕ್ಟ್ರಾನ್ ಒಂದನ್ನು ಸಂಧಿಸಿದಾಗ ಎರಡೂ ಇಲ್ಲವಾಗಿ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ಸುತ್ತಲೂ ಬಳೆಯಂತೆ ಇಟ್ಟ ಸಂವೇದಕಗಳು ಈ ಜೋಡಿಯನ್ನು ಒಂದೇ ಕ್ಷಣದಲ್ಲಿ ಹಿಡಿದರೆ, ಅವೆರಡನ್ನು ಸೇರಿಸುವ ಗೆರೆಯ ಮೇಲೆ ಎಲ್ಲೋ ಟ್ರೇಸರ್ ಇದೆ ಎಂದು ಗೊತ್ತಾಗುತ್ತದೆ. ಇಂಥ ಲಕ್ಷಾಂತರ ಗೆರೆಗಳಿಂದ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ.

ಖಾಲಾಗೆ ಕೊಟ್ಟ ಟ್ರೇಸರ್‌ನಲ್ಲಿ ಇದ್ದದ್ದು ಫ್ಲೋರಿನ್-18. ಅದರ ಅರ್ಧಾಯು ಸುಮಾರು 110 ನಿಮಿಷ. ನಾವು ರಸಾಯನಶಾಸ್ತ್ರದಲ್ಲಿ ಪ್ರಥಮ ದರ್ಜೆಯ ಕ್ರಿಯೆ ಎಂದು ಲೆಕ್ಕ ಮಾಡುತ್ತೇವಲ್ಲ, ಅದೇ ಇದು. 110 ನಿಮಿಷಕ್ಕೆ ಅರ್ಧ, 220ಕ್ಕೆ ಕಾಲು, 330ಕ್ಕೆ ಎಂಟನೇ ಒಂದು ಭಾಗ. ಹತ್ತು ಅರ್ಧಾಯು ಎಂದರೆ ಹದಿನೆಂಟು ಗಂಟೆ ಚಿಲ್ಲರೆ, ಆಗ ಉಳಿಯುವುದು 1024ರಲ್ಲಿ ಒಂದು ಪಾಲು. ಸ್ಕ್ಯಾನ್ ದಿನ ಕೆಲವು ಗಂಟೆ ಚಿಕ್ಕ ಮಕ್ಕಳನ್ನು ಹತ್ತಿರ ಸೇರಿಸಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಾನಿ ಹೆದರಿ ಮೂರು ದಿನ ಮಗುವನ್ನು ಖಾಲಾನ ಬಳಿ ಬಿಡಲಿಲ್ಲ. ಈ ಲೆಕ್ಕ ನನಗೆ ಆಗಲೇ ಹೊಳೆದಿದ್ದರೆ ಮರುದಿನವೇ ಬಿಡಿಸುತ್ತಿದ್ದೆ.

ಸಕ್ಕರೆಯ ವೇಷ ಹಾಕಿದ ಎಫ್‌ಡಿಜಿ

ಎಫ್‌ಡಿಜಿ ಎಂದರೆ ಫ್ಲೋರೋಡಿಆಕ್ಸಿಗ್ಲೂಕೋಸ್. ಗ್ಲೂಕೋಸಿನ ಎರಡನೇ ಕಾರ್ಬನ್‌ನಲ್ಲಿರುವ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಅಲ್ಲಿ ಫ್ಲೋರಿನ್-18 ಕೂರಿಸಿದರೆ ಅದು ಸಿಗುತ್ತದೆ. ಜೀವಕೋಶ ಅದನ್ನು ಗ್ಲೂಕೋಸ್ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರಥಮ ಪಿಯುಸಿಯ ಗ್ಲೈಕೋಲಿಸಿಸ್ ನೆನಪಿಸಿಕೊಳ್ಳಿ. ಮೊದಲ ಹೆಜ್ಜೆಯಲ್ಲಿ ಹೆಕ್ಸೋಕೈನೇಸ್ ಕಿಣ್ವ ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸುತ್ತದೆ. ಎಫ್‌ಡಿಜಿಗೂ ಅಂಟಿಸುತ್ತದೆ. ಆದರೆ ಎರಡನೇ ಹೆಜ್ಜೆಗೆ ಆ ಹೈಡ್ರಾಕ್ಸಿಲ್ ಗುಂಪು ಬೇಕು, ಅದು ಇಲ್ಲ. ಫಾಸ್ಫೇಟ್ ಅಂಟಿದ್ದರಿಂದ ಸುಲಭವಾಗಿ ಹೊರಗೆ ಬರಲೂ ಆಗದು. ಹೀಗೆ ಕೋಶದೊಳಗೇ ಸಿಕ್ಕಿಬೀಳುತ್ತದೆ. ಯಾವ ಕೋಶ ಹೆಚ್ಚು ಗ್ಲೂಕೋಸ್ ಸೇವಿಸುತ್ತದೋ ಅಲ್ಲಿ ಹೆಚ್ಚು ಎಫ್‌ಡಿಜಿ ಕೂಡಿಕೊಳ್ಳುತ್ತದೆ.

ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ವಿಪರೀತ ಬಳಸುತ್ತವೆ ಎಂದು ಜರ್ಮನಿಯ ಒಟ್ಟೋ ವಾರ್‌ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಾದ ಎಫ್‌ಡಿಜಿಯನ್ನು 1976ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಅದು ಮೆದುಳನ್ನು ನೋಡುವುದಕ್ಕಾಗಿ. ಗಡ್ಡೆಗಳನ್ನೂ ಅದು ತೋರಿಸಬಲ್ಲದು ಎಂಬುದಕ್ಕೆ 1980ರಲ್ಲಿ ಪ್ರಾಣಿಗಳಿಂದ ಆಧಾರ ಸಿಕ್ಕಿತು. ಇಲಿ, ಹ್ಯಾಮ್‌ಸ್ಟರ್, ಮೊಲ, ನಾಯಿಗಳಲ್ಲಿದ್ದ ಗಡ್ಡೆಗಳು ಎಫ್‌ಡಿಜಿಯನ್ನು ಬೇಗ ಹೀರಿಕೊಂಡವು. ಭಾರತದಲ್ಲಿ ಇಂಥ ಟ್ರೇಸರ್‌ಗಳನ್ನು ತಯಾರಿಸುವ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬೈನ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ ಶುರುವಾಯಿತು. ಇಂದು ಬೆಂಗಳೂರಿನಲ್ಲೂ ಸೈಕ್ಲೋಟ್ರಾನ್‌ಗಳಿವೆ.

ಈಗ ನನ್ನ ಪ್ರಶ್ನೆಗೆ ಬರೋಣ. ಎಫ್‌ಡಿಜಿ ಕೋಶಕ್ಕೆ "ನೀನು ಕ್ಯಾನ್ಸರ್ ಕೋಶವೇ?" ಎಂದು ಕೇಳುವುದಿಲ್ಲ. "ನಿನಗೆ ಗ್ಲೂಕೋಸ್ ಹಸಿವು ಎಷ್ಟು?" ಎಂದು ಮಾತ್ರ ಕೇಳುತ್ತದೆ. ಮೆದುಳು, ಹೃದಯಕ್ಕೂ ಆ ಹಸಿವು ಜಾಸ್ತಿ, ಅದಕ್ಕೇ ಆರೋಗ್ಯವಂತರಲ್ಲೂ ಅವು ಹೊಳೆಯಬಹುದು. ಮೂತ್ರದಲ್ಲಿ ಟ್ರೇಸರ್ ಹೊರಹೋಗುವುದರಿಂದ ಮೂತ್ರಕೋಶವೂ ಹೊಳೆಯುತ್ತದೆ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೂ ಹಸಿವು ಬಹಳ. 1992ರಲ್ಲಿ ಜಪಾನಿನ ಕುಬೋಟ ಮತ್ತು ಸಂಗಡಿಗರು ಗಡ್ಡೆ ಬೆಳೆಸಿದ ಪುಟ್ಟ ಇಲಿಗಳಿಗೆ ಎಫ್‌ಡಿಜಿ ಕೊಟ್ಟು, ಗಡ್ಡೆಯ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಗಡ್ಡೆಯ ಸುತ್ತಲಿನ ಮ್ಯಾಕ್ರೋಫೇಜ್‌ಗಳೂ ಹೊಸದಾಗಿ ಹುಟ್ಟುತ್ತಿದ್ದ ಅಂಗಾಂಶವೂ ಕ್ಯಾನ್ಸರ್ ಕೋಶಗಳಿಗಿಂತ ಹೆಚ್ಚು ಎಫ್‌ಡಿಜಿ ಹೀರಿದ್ದವು! ಕ್ಷಯದ ಗಂಟಿನಲ್ಲಿ ತುಂಬಿರುವುದೂ ಇದೇ ಮ್ಯಾಕ್ರೋಫೇಜ್‌ಗಳು. ಹಾಗಾದರೆ ಖಾಲಾನ ಸ್ಕ್ಯಾನ್ ಸುಳ್ಳು ಹೇಳಿರಲಿಲ್ಲ. ಹಸಿವು ಎಲ್ಲಿದೆಯೋ ಅಲ್ಲಿ ಬೆಳಗಿತ್ತು. ಹಸಿವನ್ನು ಕ್ಯಾನ್ಸರ್ ಎಂದು ಓದಿದವಳು ನಾನು.

ಎರಡು ಟ್ರೇಸರ್, ಒಂದು ಪರೀಕ್ಷೆ

ಬೇರೆ ಪ್ರಶ್ನೆ ಕೇಳುವ ಟ್ರೇಸರ್ ಇದ್ದರೆ? ಕ್ಯಾನ್ಸರಿನ ಇನ್ನೊಂದು ಗುಣ ಎಂದರೆ ಕೋಶಗಳು ಬಿಡುವಿಲ್ಲದೆ ಇಬ್ಭಾಗವಾಗುವುದು. ಇಬ್ಭಾಗವಾಗಲು ಡಿಎನ್‌ಎ ನಕಲಾಗಬೇಕು, ಡಿಎನ್‌ಎಗೆ ಥೈಮಿಡಿನ್ ಬೇಕು. ಥೈಮಿಡಿನ್‌ಗೆ ಫ್ಲೋರಿನ್-18 ಜೋಡಿಸಿದ ರೂಪವೇ ಎಫ್‌ಎಲ್‌ಟಿ. ಈ ಅಣುವನ್ನು ಮೊದಲು ಎಚ್‌ಐವಿ ವಿರುದ್ಧದ ಔಷಧಿಯಾಗಿ ಪರೀಕ್ಷಿಸಿದ್ದರು. 1998ರಲ್ಲಿ ಅಮೆರಿಕದ ಶೀಲ್ಡ್ಸ್, ಗ್ರಿಯರ್ಸನ್ ಮತ್ತು ಸಂಗಡಿಗರು ನಾಯಿಗಳಲ್ಲೂ ಮನುಷ್ಯರಲ್ಲೂ ಅದನ್ನು ಟ್ರೇಸರ್ ಆಗಿ ಬಳಸಿ ತೋರಿಸಿದರು. ಇಬ್ಭಾಗಕ್ಕೆ ಸಿದ್ಧವಾಗುವ ಕೋಶದಲ್ಲಿ ಥೈಮಿಡಿನ್ ಕೈನೇಸ್-1 ಎಂಬ ಕಿಣ್ವ ಚುರುಕಾಗಿರುತ್ತದೆ. ಅದು ಎಫ್‌ಎಲ್‌ಟಿಗೆ ಫಾಸ್ಫೇಟ್ ಅಂಟಿಸಿ ಒಳಗೇ ಹಿಡಿದಿಡುತ್ತದೆ. ಎಫ್‌ಎಲ್‌ಟಿ ಕೇಳುವ ಪ್ರಶ್ನೆ, "ನೀನು ಇಬ್ಭಾಗವಾಗುತ್ತಿದ್ದೀಯಾ?" ಎಂಬುದು.

ಇವೆರಡರಲ್ಲಿ ಗಡ್ಡೆಯನ್ನೂ ಉರಿಯೂತವನ್ನೂ ಬೇರೆ ಮಾಡುವುದು ಯಾವುದು? 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ತಂಡ ಇದನ್ನು ಇಲಿಗಳಲ್ಲಿ ಪರೀಕ್ಷಿಸಿತು. ಪ್ರಯೋಗದ ಉಪಾಯ ಸರಳ. ಒಂದೇ ಇಲಿಯ ಭುಜದಲ್ಲಿ ಮೆದುಳಿನ ಕ್ಯಾನ್ಸರ್ ಕೋಶಗಳಿಂದ ಬೆಳೆಸಿದ ಗಡ್ಡೆ, ಕಾಲಿನ ಸ್ನಾಯುವಿನಲ್ಲಿ ಟರ್ಪೆಂಟೈನ್ ಚುಚ್ಚಿ ಬರಿಸಿದ ಉರಿಯೂತ. ಕೆಲವು ಇಲಿಗಳಿಗೆ ಎಫ್‌ಡಿಜಿ, ಕೆಲವಕ್ಕೆ ಎಫ್‌ಎಲ್‌ಟಿ ಕೊಟ್ಟು ನೋಡಿದರು. ಭುಜ, ಕಾಲು ಎರಡೂ ಬೆಳಗುತ್ತವೆಯೇ, ಭುಜ ಮಾತ್ರ ಬೆಳಗುತ್ತದೆಯೇ?

ಫಲಿತಾಂಶ ಹೀಗಿತ್ತು. ಎಫ್‌ಡಿಜಿ ಕೊಟ್ಟಾಗ ಗಡ್ಡೆ ಸಾಮಾನ್ಯ ಸ್ನಾಯುವಿಗಿಂತ ಸುಮಾರು 13 ಪಟ್ಟು ಹೆಚ್ಚು ಹೀರಿತ್ತು. ಎಫ್‌ಎಲ್‌ಟಿಯಲ್ಲಿ ಅದು ಸುಮಾರು 4 ಪಟ್ಟು ಮಾತ್ರ. ಇಷ್ಟೇ ನೋಡಿದರೆ ಎಫ್‌ಡಿಜಿಯೇ ಗೆದ್ದಂತೆ. ಆದರೆ ಉರಿಯೂತದ ಕಾಲನ್ನು ಆರೋಗ್ಯದ ಕಾಲಿನೊಂದಿಗೆ ಹೋಲಿಸಿದಾಗ ಎಫ್‌ಡಿಜಿಯಲ್ಲಿ ಸುಮಾರು 5 ಪಟ್ಟು ವ್ಯತ್ಯಾಸ, ಎಫ್‌ಎಲ್‌ಟಿಯಲ್ಲಿ ಸುಮಾರು 1.3 ಪಟ್ಟು, ಅಂದರೆ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಎಫ್‌ಡಿಜಿ ಚಿತ್ರದಲ್ಲಿ ಗಡ್ಡೆ, ಉರಿಯೂತ ಎರಡೂ ಕಂಡವು. ಎಫ್‌ಎಲ್‌ಟಿ ಚಿತ್ರದಲ್ಲಿ ಗಡ್ಡೆ ಮಾತ್ರ ಕಂಡಿತು.

ಈ ನಾಲ್ಕು ಅಂಕಿಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಜೋರಾಗಿ ಹೊಳೆಯುವುದು ಒಂದು ಗುಣ, ಹೊಳೆಯಬಾರದ ಕಡೆ ಹೊಳೆಯದೇ ಇರುವುದು ಇನ್ನೊಂದು ಗುಣ. ಒಂದು ಟ್ರೇಸರ್‌ನಲ್ಲಿ ಎರಡೂ ಒಟ್ಟಿಗೆ ಇರಬೇಕೆಂದಿಲ್ಲ. "ಯಾವ ಟ್ರೇಸರ್ ಒಳ್ಳೆಯದು?" ಎಂದು ಕೇಳಿದರೆ, "ಯಾವ ಕೆಲಸಕ್ಕೆ?" ಎಂದು ತಿರುಗಿ ಕೇಳಬೇಕಾಗುತ್ತದೆ.

ಮೆದುಳಿನ ಗಡ್ಡೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಉದ್ದಿನಬೇಳೆಯಲ್ಲಿ ಬಿದ್ದ ಅಕ್ಕಿ ನುಚ್ಚನ್ನು ಹುಡುಕುವುದು ಕಷ್ಟ, ಸಾಸಿವೆಯಲ್ಲಿ ಬಿದ್ದರೆ ಸುಲಭ. ಮೆದುಳೇ ಎಫ್‌ಡಿಜಿಯಿಂದ ಹೊಳೆಯುತ್ತಿರುವಾಗ ಅದರೊಳಗಿನ ಗಡ್ಡೆ ಬೇರೆಯಾಗಿ ಕಾಣುವುದಿಲ್ಲ. ಅದಕ್ಕೇ ಅಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಮಾಡಿದ ಎಫ್‌ಇಟಿ ಎಂಬ ಟ್ರೇಸರ್ ಬಳಸುತ್ತಾರೆ. ಸಾಮಾನ್ಯ ಮೆದುಳು ಅದನ್ನು ಕಡಿಮೆ ಹೀರುತ್ತದೆ, ಗಡ್ಡೆ ಎದ್ದು ಕಾಣುತ್ತದೆ.

ಹೋಲಿಕೆ ನ್ಯಾಯವಾಗಿರಬೇಕಾದರೆ

ನಮ್ಮ ಪ್ರಾಯೋಗಿಕ ತರಗತಿಯಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಒಂದೇ ರೀತಿ ಇಡಬೇಕು ಎಂದು ಸರ್ ಸದಾ ಹೇಳುತ್ತಾರೆ. ಇಲ್ಲೂ ಅಷ್ಟೇ. ಗಡ್ಡೆಯ ಜಾತಿ, ಗಾತ್ರ, ಟ್ರೇಸರ್‌ನ ಪ್ರಮಾಣ, ಚುಚ್ಚಿದ ಎಷ್ಟು ಹೊತ್ತಿಗೆ ಚಿತ್ರ ತೆಗೆದರು, ಎಲ್ಲ ಒಂದೇ ಆಗಿರಬೇಕು. ಕೊಟ್ಟ ಒಟ್ಟು ಟ್ರೇಸರ್‌ನಲ್ಲಿ ಒಂದು ಗ್ರಾಂ ಅಂಗಾಂಶಕ್ಕೆ ಶೇಕಡಾ ಎಷ್ಟು ಬಂತು ಎಂದು ಲೆಕ್ಕ ಹಾಕುತ್ತಾರೆ.

ಸಣ್ಣ ಸಂಗತಿಗಳೂ ಫಲಿತಾಂಶವನ್ನು ಕೆಡಿಸಬಹುದು. 2006ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ಇದನ್ನೇ ಪರೀಕ್ಷಿಸಿತು. ಪುಟ್ಟ ಇಲಿಗೆ ಚಳಿಯಾದರೆ ಮೈ ಬೆಚ್ಚಗಿಡಲು ಅದರ ಕಂದು ಕೊಬ್ಬು ಗ್ಲೂಕೋಸ್ ಉರಿಸುತ್ತದೆ, ಸ್ನಾಯುಗಳೂ ಉರಿಸುತ್ತವೆ. ಆಗ ಎಫ್‌ಡಿಜಿ ಅಲ್ಲಿಗೆ ಹೋಗಿ ಗಡ್ಡೆ ಮಸುಕಾಗುತ್ತದೆ. ಉಪವಾಸವಿಟ್ಟು, ಬೆಚ್ಚಗಿನ ಜಾಗದಲ್ಲಿಟ್ಟು, ಅರಿವಳಿಕೆ ಕೊಟ್ಟರೆ ಗಡ್ಡೆ ಚೆನ್ನಾಗಿ ಕಾಣುತ್ತದೆ. ಇದನ್ನು ಓದಿದಾಗ ಖಾಲಾ ಹೇಳಿದ್ದು ಅರ್ಥವಾಯಿತು. ಅವರನ್ನೂ ಖಾಲಿ ಹೊಟ್ಟೆಯಲ್ಲಿ ಬರಹೇಳಿ, ರಕ್ತದ ಸಕ್ಕರೆ ನೋಡಿ, ಹೊದಿಕೆ ಕೊಟ್ಟು, ಮಾತಾಡದೆ ಸುಮ್ಮನೆ ಮಲಗಿರಿ ಎಂದಿದ್ದರಂತೆ. "ಅಷ್ಟು ದೂರ ಹೋಗಿ ಮಲಗಿಸಿಬಿಟ್ಟರು" ಎಂದು ಅವರು ನಗುತ್ತಾ ಹೇಳಿದ್ದರು.

ಪರಮಾಣುವಿನ ಆಯ್ಕೆಯೂ ಮುಖ್ಯ. ಗ್ಲೂಕೋಸಿನಂಥ ಸಣ್ಣ ಅಣು ಒಂದು ಗಂಟೆಯಲ್ಲಿ ಗಡ್ಡೆ ಸೇರುತ್ತದೆ, ಅದಕ್ಕೆ 110 ನಿಮಿಷದ ಫ್ಲೋರಿನ್-18 ಸರಿಹೊಂದುತ್ತದೆ. ಆದರೆ ಪ್ರತಿಕಾಯದಂಥ ದೊಡ್ಡ ಅಣು ಗಡ್ಡೆಯಲ್ಲಿ ಕೂಡಿಕೊಳ್ಳಲು ದಿನಗಳು ಬೇಕು. ಅಷ್ಟರಲ್ಲಿ ಫ್ಲೋರಿನ್-18 ಆರಿಹೋಗಿರುತ್ತದೆ. ಅದಕ್ಕೆ ಸುಮಾರು 78 ಗಂಟೆ ಅರ್ಧಾಯುವಿನ ಜಿರ್ಕೋನಿಯಂ-89 ಬಳಸುತ್ತಾರೆ. 68 ನಿಮಿಷದ ಗ್ಯಾಲಿಯಂ-68ರ ಪಾಸಿಟ್ರಾನ್ ಫ್ಲೋರಿನ್-18ರದಕ್ಕಿಂತ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಅಂದರೆ ಬೆಳಕು ಕಾಣುವ ಜಾಗ ಟ್ರೇಸರ್ ಇರುವ ಜಾಗದಿಂದ ಕೊಂಚ ಸರಿಯುತ್ತದೆ. ಮನುಷ್ಯರಲ್ಲಿ ಇದು ದೊಡ್ಡ ಸಂಗತಿಯಲ್ಲ. 25 ಗ್ರಾಂ ತೂಕದ ಇಲಿಯೊಳಗಿನ ಕೆಲವೇ ಮಿಲಿಮೀಟರ್ ಗಡ್ಡೆಯ ಅಂಚು ಮಾತ್ರ ಇದರಿಂದ ಮಬ್ಬಾಗುತ್ತದೆ. ಇಂಥ ಪುಟ್ಟ ಪ್ರಾಣಿಗಳಿಗಾಗಿಯೇ ಒಂದೆರಡು ಮಿಲಿಮೀಟರ್ ಸೂಕ್ಷ್ಮತೆಯ ಚಿಕ್ಕ ಪೆಟ್ ಯಂತ್ರಗಳನ್ನು 1990ರ ದಶಕದಿಂದ ಕಟ್ಟುತ್ತಾ ಬಂದಿದ್ದಾರೆ.

ಇಲಿ ಮನುಷ್ಯನಲ್ಲ

ಇಲ್ಲಿಯವರೆಗೆ ಓದಿದಾಗ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. 2004ರಲ್ಲೇ ಉತ್ತರ ಸಿಕ್ಕಿದ್ದರೆ ಖಾಲಾಗೆ ಎಫ್‌ಎಲ್‌ಟಿ ಯಾಕೆ ಕೊಡಲಿಲ್ಲ? ಮೇಡಂ ಬಳಿ ಹೋಗಿ ಹಾಗೆಯೇ ಕೇಳಿದೆ. ಅವರು, "ಪೂರ್ತಿ ಓದಿದ್ದೀಯಾ?" ಎಂದರು. ಈ ಸಲವೂ ಪೂರ್ತಿ ಓದಿರಲಿಲ್ಲ.

ಮುಂದೆ ಓದಿದಾಗ ಮೂರು ಸಂಗತಿಗಳು ತಿಳಿದವು. ಮೊದಲನೆಯದು, ಇಲಿಯ ರಕ್ತದಲ್ಲಿ ಥೈಮಿಡಿನ್ ಪ್ರಮಾಣ ಮನುಷ್ಯರಿಗಿಂತ ಬಹಳ ಹೆಚ್ಚು. ಅದು ಎಫ್‌ಎಲ್‌ಟಿಯೊಂದಿಗೆ ಪೈಪೋಟಿ ಮಾಡಿ, ಗಡ್ಡೆ ಕಡಿಮೆ ಹೀರುವಂತೆ ಮಾಡುತ್ತದೆ. ಗ್ರೋನಿಂಗೆನ್ ತಂಡ ಇದನ್ನು ತಿಳಿದೇ, ಥೈಮಿಡಿನ್ ಒಡೆಯುವ ಕಿಣ್ವವನ್ನು ಇಲಿಗಳಿಗೆ ಮೊದಲೇ ಕೊಟ್ಟು ನೋಡಿತ್ತು.

ಎರಡನೆಯದು, ಮನುಷ್ಯರ ಯಕೃತ್ತು ಎಫ್‌ಎಲ್‌ಟಿಯನ್ನು ರಾಸಾಯನಿಕವಾಗಿ ಬದಲಿಸುವುದರಿಂದ ಅಲ್ಲಿ ಅದು ಬಹಳ ಕೂಡಿಕೊಳ್ಳುತ್ತದೆ. ಯಕೃತ್ತಿಗೆ ಹರಡಿದ ಗಡ್ಡೆ ಆ ಬೆಳಕಿನಲ್ಲಿ ಮರೆಯಾಗಿಬಿಡಬಹುದು. ಇಲಿಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ರಕ್ತಕಣಗಳು ಸದಾ ಹುಟ್ಟುವ ಅಸ್ಥಿಮಜ್ಜೆಯೂ ಎಫ್‌ಎಲ್‌ಟಿಯಿಂದ ಹೊಳೆಯುತ್ತದೆ, ಹಾಗಾಗಿ ಮೂಳೆಗೆ ಹರಡಿದ್ದನ್ನು ಗುರುತಿಸುವುದೂ ಕಷ್ಟ.

ಮೂರನೆಯದು ನನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಟರ್ಪೆಂಟೈನ್‌ನಿಂದ ಸ್ನಾಯುವಿನಲ್ಲಿ ಒಂದೇ ದಿನದಲ್ಲಿ ಬಂದ ಉರಿಯೂತ ಬೇರೆ, ದುಗ್ಧಗ್ರಂಥಿಯಲ್ಲಿ ತಿಂಗಳುಗಟ್ಟಲೆ ನಡೆಯುವ ಹೋರಾಟ ಬೇರೆ. ಗ್ರಂಥಿ ಸೋಂಕಿಗೆ ಎಚ್ಚೆತ್ತಾಗ ಅದರೊಳಗಿನ ಬಿ-ಲಿಂಫೋಸೈಟ್‌ಗಳು ಬೇಗ ಬೇಗ ಇಬ್ಭಾಗವಾಗುತ್ತವೆ. ಎಫ್‌ಎಲ್‌ಟಿ ಕೇಳುವುದು ಇಬ್ಭಾಗದ ಬಗ್ಗೆ ತಾನೇ? ಹಾಗಾಗಿ ಅದು ಅಲ್ಲೂ ಬೆಳಗಬಹುದು. ತಲೆ, ಕುತ್ತಿಗೆಯ ಕ್ಯಾನ್ಸರ್ ರೋಗಿಗಳಲ್ಲಿ ಎಫ್‌ಎಲ್‌ಟಿಯಿಂದ ಹೊಳೆದ ಗ್ರಂಥಿಗಳನ್ನು ತೆಗೆದು ನೋಡಿದಾಗ, ಕೆಲವದರಲ್ಲಿ ಕ್ಯಾನ್ಸರ್ ಇರಲೇ ಇಲ್ಲ. ಖಾಲಾಗೆ ಎಫ್‌ಎಲ್‌ಟಿ ಕೊಟ್ಟಿದ್ದರೂ ಆ ಚುಕ್ಕೆಗಳು ಆರುತ್ತಿದ್ದವು ಎಂಬ ಖಾತರಿ ಇರಲಿಲ್ಲ.

ಹಾಗಂತ ಇಲಿಗಳ ಪ್ರಯೋಗ ವ್ಯರ್ಥವಲ್ಲ. ಕೋಶ ವಿಭಜನೆಯನ್ನು ತಡೆಯುವ ಔಷಧಿ ಕೊಟ್ಟ ಪುಟ್ಟ ಇಲಿಗಳಲ್ಲಿ ಒಂದೆರಡು ದಿನದಲ್ಲೇ ಎಫ್‌ಎಲ್‌ಟಿ ಬೆಳಕು ಕುಗ್ಗಿದ್ದು ಕಂಡಿದೆ. ಎಫ್‌ಡಿಜಿಯಲ್ಲಿ ಅಷ್ಟು ಬದಲಾವಣೆ ಇರಲಿಲ್ಲ. ಔಷಧಿ ಕೆಲಸ ಮಾಡುತ್ತಿದೆಯೇ ಎಂದು ಬೇಗ ತಿಳಿಯಲು ಎಫ್‌ಎಲ್‌ಟಿ ಉಪಯೋಗಕ್ಕೆ ಬರಬಹುದು ಎಂಬ ದಾರಿ ಅಲ್ಲಿ ಸಿಕ್ಕಿತು. ಇಡೀ ದೇಹದಲ್ಲಿ ಗಡ್ಡೆ ಹುಡುಕುವ ದಿನನಿತ್ಯದ ಕೆಲಸಕ್ಕೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಎಫ್‌ಡಿಜಿಯೇ.

ಆ ಇಲಿಗಳ ಬಗ್ಗೆ ಒಂದು ಮಾತು

ಈ ವಿಷಯವನ್ನು ನಾನು ತರಗತಿಯ ಸೆಮಿನಾರಿನಲ್ಲಿ ಹೇಳಿದಾಗ ಗೆಳತಿಯೊಬ್ಬಳು ಎದ್ದು, "ಇಲಿಗೆ ಬೇಕೆಂದೇ ಕ್ಯಾನ್ಸರ್ ಬರಿಸುವುದು ಸರಿಯಾ?" ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಇದಕ್ಕೆ ಮೂರು ನಿಯಮ ಹೇಳಿದರು. ಪ್ರಾಣಿಗೆ ಬದಲಿ ಇದ್ದರೆ ಬದಲಿಯನ್ನೇ ಬಳಸು, ಸಂಖ್ಯೆಯನ್ನು ಆದಷ್ಟು ಕಡಿಮೆ ಮಾಡು, ನೋವನ್ನು ಆದಷ್ಟು ತಗ್ಗಿಸು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಇದಕ್ಕಾಗಿಯೇ ಸಮಿತಿಯಿದೆ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪದೆ ಇಂಥ ಪ್ರಯೋಗ ಮಾಡುವಂತಿಲ್ಲ.

ಸ್ಕ್ಯಾನ್ ಬಂದಮೇಲೆ ಎರಡನೇ ನಿಯಮಕ್ಕೆ ಬಲ ಬಂದಿದೆ. ಹಿಂದೆ ಟ್ರೇಸರ್ ಎಲ್ಲಿಗೆ ಹೋಯಿತೆಂದು ತಿಳಿಯಲು ಅರ್ಧ ಗಂಟೆಗೆ ಕೆಲವು, ಒಂದು ಗಂಟೆಗೆ ಕೆಲವು, ಎರಡು ಗಂಟೆಗೆ ಕೆಲವು ಎಂದು ಇಲಿಗಳನ್ನು ಕೊಂದು ಅಂಗಾಂಗಗಳನ್ನು ತೂಗಿ ಅಳೆಯಬೇಕಿತ್ತು. ಈಗ ಒಂದೇ ಇಲಿಗೆ ಅರಿವಳಿಕೆ ಕೊಟ್ಟು ಮತ್ತೆ ಮತ್ತೆ ಚಿತ್ರ ತೆಗೆಯಬಹುದು. ಇಲಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಹೋಲಿಕೆಯೂ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ. ಗೆಳತಿಯ ಪ್ರಶ್ನೆ ಇದರಿಂದ ಪೂರ್ತಿ ತೀರುವುದಿಲ್ಲ. ಆದರೆ ಅಷ್ಟು ಬೆಲೆ ಕೊಟ್ಟು ಪಡೆದ ಉತ್ತರವನ್ನು ಅರ್ಧ ಓದಿ ಬಿಡುವ ಹಕ್ಕು ನಮಗಿಲ್ಲ ಎಂದು ನನಗನ್ನಿಸಿತು.

ಕೊನೆಯ ಸಾಲು

ಗೆಳೆಯರೇ, ನಿಮ್ಮಲ್ಲಿ ಅನೇಕರ ಮನೆಯಲ್ಲಿ ರಿಪೋರ್ಟ್ ಓದುವವರು ನೀವೇ ಆಗಿರುತ್ತೀರಿ. ಹೊಳೆಯುವ ಚುಕ್ಕೆ ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಸಲ ಅದು ಕ್ಯಾನ್ಸರ್ ಆಗಿಯೇ ಇರುತ್ತದೆ, ಡಾಕ್ಟರ ಬಳಿಗೆ ತಡಮಾಡದೆ ಹೋಗಬೇಕು. ಆದರೆ ಆ ಚುಕ್ಕೆ ಹೇಳುವುದು ತಾನು ಎಲ್ಲಿದ್ದೇನೆ, ತನ್ನ ಹಸಿವು ಎಷ್ಟು ಎಂಬುದನ್ನು ಮಾತ್ರ. ತನ್ನ ಹೆಸರನ್ನು ಅದು ಹೇಳುವುದಿಲ್ಲ. ಹೆಸರು ಹೇಳುವುದು ಸೂಕ್ಷ್ಮದರ್ಶಕದ ಕೆಳಗಿಟ್ಟ ತುಣುಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಸ್ಕ್ಯಾನಿಗೂ ಸಲ್ಲುತ್ತದೆ.

ಖಾಲಾ ಆರು ತಿಂಗಳ ಮಾತ್ರೆ ಒಂದು ದಿನವೂ ತಪ್ಪಿಸದೆ ಮುಗಿಸಿದರು. ಈಗ ಕೆಮ್ಮಿಲ್ಲ, ತೂಕ ಮೊದಲಿನಷ್ಟಾಗಿದೆ. ಮಗಳು ಒಂದನೇ ತರಗತಿಗೆ ಸೇರಿದ್ದಾಳೆ, ದಿನಾ ಅವಳನ್ನು ಶಾಲೆಗೆ ಬಿಟ್ಟುಬರುವುದು ಖಾಲಾನೇ.

ಹೋದ ತಿಂಗಳು ಪಕ್ಕದ ಮನೆಯ ಚಾಚಾ ತಮ್ಮ ಅಣ್ಣನ ಸ್ಕ್ಯಾನ್ ರಿಪೋರ್ಟ್ ತಂದು, "ಏನು ಬರೆದಿದ್ದಾರೆ ನೋಡಮ್ಮ" ಅಂದರು. ನಾನು ಕೂತು ಪೂರ್ತಿ ಓದಿದೆ. ಶ್ವಾಸಕೋಶದಲ್ಲಿ ಒಂದು ಕಡೆ ಹೊಳೆದಿತ್ತು. "ಇಲ್ಲಿ ಏನೋ ಇದೆ ಚಾಚಾ. ಏನು ಅಂತ ಈ ಕಾಗದ ಹೇಳಲ್ಲ. ತುಣುಕು ತೆಗೆದು ಪರೀಕ್ಷೆ ಮಾಡಿ ಆಮೇಲೆ ಹೇಳಬೇಕು ಅಂತ ಅವರೇ ಕೊನೆಗೆ ಬರೆದಿದ್ದಾರೆ. ಬೇಗ ಮಾಡಿಸಿ" ಎಂದೆ. ಆ ಕೊನೆಯ ಸಾಲನ್ನು ಇನ್ನೊಂದು ಸಲ ನಿಧಾನವಾಗಿ ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ.

- ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ